ಅಂಬಣ್ಣನ ನಾಲ್ಕನೆಯ ಸೆಟ್ಟು

ಭೀಮಾ ನದಿಯಲ್ಲಿ ಮೀನು ಹಿಡಿದು ಯಾದಗಿರಿಯಲ್ಲಿ ಮಾರುವ ಅಂಬಣ್ಣನ ಬಾಯಲ್ಲಿ ಒಂದೂ ಹಲ್ಲಿಲ್ಲ. ನಮ್ಮ ದವಾಖಾನೆಯಲ್ಲಿ ಅವನಿಗಿದ್ದ ಮರ್ಯಾದೆಗೆ ಅದೇ ಕಾರಣ. ದಂತ ಕಾಲೇಜೊಂದು ಇಲ್ಲಿ ನಡೆಸುವ ದವಾಖಾನೆ ಇದು. ಕೊನೆಯ ವರ್ಷದ ವಿದ್ಯಾರ್ಥಿಗಳು ರೋಗಿಗಳ ಬಾಯಲ್ಲಿ ಕೈ ಪಳಗಿಸಿಕೊಳ್ಳಲು ಬರುತ್ತಾರೆ. ನಾನು ಬಾಗಿಲ ಬಳಿ ಚೀಟಿ ಬರೆಯುವವನು. ಪ್ರತಿ ವಿದ್ಯಾರ್ಥಿಯೂ ಹಲ್ಲಿಲ್ಲದ ಒಬ್ಬರಿಗೆ ಕಟ್ಟುಹಲ್ಲಿನ ಪೂರ್ತಿ ಸೆಟ್ಟು ಕೂಡಿಸಿ, ವಾರ ಬಿಟ್ಟು ಮಹಾದೇವಪ್ಪ ಸರ್ ಮುಂದೆ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು. ಪೂರ್ತಿ ಬೋಳು ಬಾಯಿ, ಅದೂ ಕರೆದ ದಿನವೇ ಬರುವ ಬೋಳು ಬಾಯಿ ಸಿಗುವುದು ಕಷ್ಟ. ಅಂಬಣ್ಣ ಕರೆದಾಗಲೆಲ್ಲ ಬರುತ್ತಿದ್ದ.

ಮೂರು ವರ್ಷದಲ್ಲಿ ಮೂವರು ಹುಡುಗರು ಅವನಿಗೆ ಮೂರು ಸೆಟ್ಟು ಮಾಡಿದರು. "ಹೆಂಗದಾವ ಅಂಬಣ್ಣ, ಹಲ್ಲು?" ಎಂದು ಸರ್ ಕೇಳಿದರೆ, "ಛಲೋ ಅದಾವ್ರಿ" ಎಂದು ಅಷ್ಟೂ ಹಲ್ಲು ತೋರಿಸಿ ನಗುತ್ತಿದ್ದ. ಸರ್ ಸಹಿ ಹಾಕುತ್ತಿದ್ದರು. ಗೇಟು ದಾಟಿದ್ದೇ ತಡ, ಹಲ್ಲು ಕಿತ್ತು ಅಂಗಿ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಮೂರನೆಯ ಸಲ ತಡೆದು ಕೇಳಿದೆ.

"ಹುಡುಗರು ಪಾಸಾಗಬೇಕಲ್ರಿ. ನಂದೇನೈತಿ, ರೊಟ್ಟಿ ಸಾರಿನಾಗ ನೆನಸಿಕೊಂಡು ತಿಂತೀನಿ" ಎಂದ.

ಪುಣ್ಯಾತ್ಮ! ಕೂಡದ ಹಲ್ಲನ್ನು ಕೂಡಿತೆಂದು ನಂಬಿ ಹೋದ ಈ ಹುಡುಗರು ಮುಂದೆ ಎಷ್ಟು ಜನರ ಬಾಯಿ ಕೆಡಿಸುತ್ತಾರೋ ಎಂದು ನನಗೆ ಮೈಯೆಲ್ಲ ಉರಿಯಿತು. ಆದರೆ ನಾನೂ ಸರ್‌ಗೆ ಹೇಳಲಿಲ್ಲ. ಅದು ನನ್ನ ತಪ್ಪೇ.

ಈ ವರ್ಷ ಅವನು ದಾನೇಶ್ವರಿಯ ಪಾಲಿಗೆ ಬಂದ. ಸಗರದ ಒಕ್ಕಲುತನದ ಮನೆಯ ಹುಡುಗಿ, ಕೈ ನಿಧಾನ. ಹಿಂದಿನ ಸಲ ಅವಳ ಕೆಲಸವನ್ನು ಸರ್ ಸಹಿ ಹಾಕದೆ ತಿರುಗಿಸಿದ್ದರು. ಈ ಸಲವೂ ಸಹಿ ಬೀಳದಿದ್ದರೆ ಆರು ತಿಂಗಳು ಹಿಂದೆ ಬೀಳುವವಳಿದ್ದಳು. ಅಂಥವಳು ಮೊದಲ ದಿನ ಬಿಪಿ, ಶುಗರ್ ಎಲ್ಲ ಬರೆದುಕೊಂಡು, ಫಾರ್ಮಿನಲ್ಲಿ ಇಲ್ಲದ್ದನ್ನು ಕೇಳಿದಳು.

"ಮನ್ಯಾಗ ಏನು ಉಣ್ತೀರಿ ಮುತ್ಯಾ?"

"ರೊಟ್ಟಿನ ಉಣ್ತೀನವ್ವ."

"ಹಲ್ಲಿಲ್ದ ಹೆಂಗ ಉಣ್ತೀರಿ? ನಾ ನೋಡಬೇಕು."

ರವಿವಾರ ಹೊಳೆದಂಡೆಯ ಅವನ ಮನೆಗೆ ಹೊರಟೇಬಿಟ್ಟಳು. ದಾರಿ ತೋರಿಸಲು ನಾನೂ ಹೋದೆ. ಅವನ ಹೆಂಡತಿ ಹಣಮಂತಮ್ಮ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಅಂಬಣ್ಣ ತನ್ನ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಕೆಳದವಡೆಯನ್ನು ಮುಂದೆ ಚಾಚಿ, ಮುಂದಿನ ವಸಡಿನಿಂದ ಒತ್ತಿ ಒತ್ತಿ ನುಂಗುತ್ತಿದ್ದ. ದಾನೇಶ್ವರಿ ತನ್ನ ಊಟ ಮರೆತು ಅದನ್ನೇ ನೋಡುತ್ತ ಕುಳಿತಳು.

"ಹಲ್ಲಿಗೇನು ಕಡಿಮಿ ಇಲ್ಲವ್ವ, ಮೂರು ಸೆಟ್ಟು ಅದಾವ" ಎಂದು ಹಣಮಂತಮ್ಮ ಗುಟ್ಟು ಬಿಟ್ಟುಕೊಟ್ಟಳು. "ಒಂದರಾಗೂ ಒಂದು ತುತ್ತು ಕಡದಿಲ್ಲ."

ಅಂಬಣ್ಣ ಹೊಳೆಯ ಕಡೆ ಮುಖ ತಿರುಗಿಸಿದ. ಹುಡುಗಿ ಬೈಯಲಿಲ್ಲ. ಅವಳಿಗೆ ಬೇಕಾದ್ದು ಸಿಕ್ಕಿತ್ತು. ವರ್ಷಗಟ್ಟಲೆ ಹಾಗೆ ತಿಂದು ದವಡೆಗೆ ಮುಂದೆ ಬರುವ ರೂಢಿ ಬಿದ್ದಿತ್ತು. ಅಳತೆಗೆಂದು ಹುಡುಗರು "ಕಚ್ರಿ" ಎಂದರೆ ಚಾಚಿಯೇ ಕಚ್ಚುತ್ತಿದ್ದ. ಆ ಅಳತೆಗೆ ಮಾಡಿದ ಹಲ್ಲು, ದವಡೆ ತನ್ನ ಜಾಗಕ್ಕೆ ಹೋದ ಕೂಡಲೇ ಅಲುಗಾಡುತ್ತಿತ್ತು.

"ನಾಲಗಿ ತುದಿ ಹಿಂದಕ್ಕ ಮಡಚ್ರಿ ಮುತ್ಯಾ. ಹಂಗ ಮೆಲ್ಲಕ ಬಾಯಿ ಮುಚ್ರಿ." ಉಳಿದವರು ಒಂದೇ ದಿನದಲ್ಲಿ ಮುಗಿಸಿದ ಈ ಅಳತೆಗೆ ಅವಳು ದವಾಖಾನೆಯಲ್ಲಿ ಮೂರು ಮುಂಜಾನೆ ಹಿಡಿದಳು. ಮೂರು ದಿನವೂ ಮೀನು ಮಾರಲು ಹಣಮಂತಮ್ಮನೇ ಹೋದಳು.

ಹಲ್ಲು ಕೂಡಿಸಿ ವಾರವಾಯಿತು. ಸಹಿಯ ದಿನ ಮಹಾದೇವಪ್ಪ ಸರ್ ಎಂದಿನಂತೆ ಕೇಳಿದರು, "ಹೆಂಗದಾವ ಅಂಬಣ್ಣ?"

ನಾನು "ಛಲೋ" ಎಂಬ ಮಾತಿಗೆ ಕಾಯುತ್ತಿದ್ದೆ.

"ಎಡಗಡಿ ಕೆಳಗ ಚುಚ್ಚತಾವ್ರಿ" ಎಂದ ಅಂಬಣ್ಣ.

ದಾನೇಶ್ವರಿಯ ಮುಖ ಸಣ್ಣದಾಯಿತು. ನನಗೆ ಅವನ ಕುತ್ತಿಗೆ ಹಿಸುಕುವಷ್ಟು ಸಿಟ್ಟು. ಸರ್ ಮಾತ್ರ ಕನ್ನಡಕ ಏರಿಸಿ, "ಹಂಗಾರ ಈಗೇನು ಮಾಡ್ತಿ?" ಎಂದು ಹುಡುಗಿಯನ್ನು ಕೇಳಿದರು. ಅವಳು ವಸಡಿನ ಮೇಲೆ ಕೆಂಪಾದ ಜಾಗ ಹುಡುಕಿ ಗುರುತು ಮಾಡಿದಳು. ಸೆಟ್ಟಿನ ಆ ಅಂಚನ್ನು ಎಳ್ಳಿನಷ್ಟು ತಿಕ್ಕಿ ಮತ್ತೆ ಕೂಡಿಸಿದಳು. ಅವಳೇ ತಂದಿದ್ದ ಖಡಕ್ ರೊಟ್ಟಿಯ ಚೂರನ್ನು ಅಂಬಣ್ಣ ಕಟಕಟ ಅಗಿದು ನುಂಗಿದ. ಸರ್ ಅವಳ ಪುಸ್ತಕದಲ್ಲಿ ಸಹಿ ಹಾಕಿದರು. ಹುಡುಗಿ ಆ ಪುಸ್ತಕವನ್ನು ಎದೆಗೆ ಅವಚಿಕೊಂಡೇ ಹೊರಗೆ ಹೋದಳು. ನನಗೂ ಜೀವ ಬಂತು.

ಆದರೂ ಗೇಟಿನ ಬಳಿ ಅಂಬಣ್ಣನನ್ನು ಹಿಡಿದು ನಿಲ್ಲಿಸಿದೆ. "ಅಲ್ಲೋ, ಮೂರು ಹುಡುಗರ ಸಲುವಾಗಿ ಸುಳ್ಳು ಹೇಳಿದಿ. ಈಕಿ ಸರದಿಗೇ ಖರೆ ನೆನಪಾತೇನು?"

"ಅವು ಹುಡುಗರ ಹಲ್ಲು ಇದ್ವರಿ" ಎಂದ ಅಂಬಣ್ಣ. "ಇವು ನನ್ನವು. ನೋವಾದ್ರ ಹೇಳಬ್ಯಾಡೇನ್ರಿ?"