ಅಪ್ಪನ ನಡಿಗೆ

ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಒಂದು ಮಧ್ಯಾಹ್ನ ಶಾಲೆಯಲ್ಲಿ ಪಾಠ ಮುಗಿಸಿ ಮಾನ್ವಿಯ ನಮ್ಮ ಮನೆಯ ಪಡಸಾಲೆ ದಾಟುತ್ತಿದ್ದೆ. ಅವ್ವ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿಬಂದಳು. ನನ್ನನ್ನು ಕಂಡು ಗೋಡೆ ಹಿಡಿದು ಕೂತುಬಿಟ್ಟಳು.

“ನಿಮ್ಮಪ್ಪ ಬಂದ್ರು ಅನ್ಕೊಂಡೆ ಬೇ.”

ಅಪ್ಪನ ನಡಿಗೆ ಓಣಿಗೆಲ್ಲ ಗೊತ್ತಿತ್ತು. ಮಂಡಿ ಎತ್ತರಕ್ಕೆ ಏಳುತ್ತಿತ್ತು, ಪಾದ ಜೋತುಬಿದ್ದು ನೆಲದ ಹಾಸುಬಂಡೆಗೆ ಟಪ್ಪೆಂದು ಅಪ್ಪಳಿಸುತ್ತಿತ್ತು. ಸಣ್ಣವನಿದ್ದಾಗ ಗದ್ದೆಯಲ್ಲಿ ಬಿದ್ದ ಪೆಟ್ಟು ಅದು ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಯಾವ ಗದ್ದೆಯಲ್ಲೂ ಬಿದ್ದವಳಲ್ಲ. ಅವ್ವನ ಎದುರಿಗೇ ಮತ್ತೆ ನಡೆದು ನೋಡಿದೆ. ಟಪ್, ಟಪ್.

ರಾಯಚೂರಿನ ನರರೋಗದ ಡಾಕ್ಟರು ಕಾಲಿಗೆ ಕರೆಂಟು ಕೊಟ್ಟು ಪರೀಕ್ಷಿಸಿ, ರಕ್ತವನ್ನು ಹೊರಗಿನ ಲ್ಯಾಬಿಗೆ ಕಳಿಸಿದರು. ವರದಿ ಬಂದ ದಿನ ನಿಧಾನವಾಗಿ ತಿಳಿಸಿ ಹೇಳಿದರು.

“ನರದೊಳಗ ಸಣ್ಣ ಎಳಿ ಇರ್ತಾವ್ರೀ, ಮನಿಗಿ ತೊಲಿ ಇದ್ದಂಗ. ಆ ಎಳಿ ಕಟ್ಟೋ ಜೀನ್‌ನ್ಯಾಗ ಒಂದಕ್ಷರ ತಪ್ಪಾಗ್ಯದ. ನಿಮ್ಮ ತಂದಿ ಕಡಿಂದ ಬಂದಿರಬೇಕು. ಬ್ಯಾರೆ ಯಾರಿಗರ ಅದ ಏನು?”

ಅಜ್ಜ ಕೋಲು ಹಿಡಿದು ನಡೆಯುತ್ತಿದ್ದನೆಂದಷ್ಟೇ ಕೇಳಿದ್ದೆ. ಅಪ್ಪನಿಗೆ ಒಡಹುಟ್ಟಿದವರಿರಲಿಲ್ಲ. ಯಾರಿಗೂ ಇಲ್ಲ ಎಂದೆ.

ಕೆಲವು ತಿಂಗಳ ನಂತರ ಶಿಕ್ಷಕರ ತರಬೇತಿಗೆಂದು ದೇವದುರ್ಗಕ್ಕೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ನಡುಹಗಲು. ನನ್ನ ಬೆನ್ನ ಹಿಂದೆ ಅಪ್ಪ ನಡೆದು ಬರುತ್ತಿದ್ದರು. ಅದೇ ಸದ್ದು, ಅದೇ ತಾಳ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಹೆಗಲ ಮೇಲೆ ಚೀಲ ಹೊತ್ತ ಅರವತ್ತರ ಆಸುಪಾಸಿನ ಮನುಷ್ಯನೊಬ್ಬ ನನ್ನನ್ನು ದಾಟಿ ಮುಂದೆ ಹೋದ. ಮುಖ ಅಪರಿಚಿತ, ಹಿಂದಿನಿಂದ ಮಾತ್ರ ಥೇಟ್ ಅಪ್ಪ. ಕಾಲು ತಾನಾಗಿ ಅವನ ಬೆನ್ನು ಹತ್ತಿತು. ನಮ್ಮಿಬ್ಬರ ಹೆಜ್ಜೆ ಒಂದೇ ಸಮನೆ ಬೀಳತೊಡಗಿದವು.

ಆತ ಗಕ್ಕನೆ ನಿಂತ. “ಯಾಕವ್ವಾ, ನನ್ನ ಅಣಕಸ್ತಿಯೇನು?”

ಚಪ್ಪಲಿ ಕಳಚಿ ಪಾದ ತೋರಿಸಿದೆ: ಕಮಾನಿನಂತೆ ಎದ್ದ ನಡುಭಾಗ, ಮಡಚಿಕೊಂಡ ಬೆರಳು. ಆತ ಬಹಳ ಹೊತ್ತು ನೋಡಿ, ಚೀಲ ಇಳಿಸಿ ತನ್ನ ಚಪ್ಪಲಿಯನ್ನೂ ಕಳಚಿದ. ನನ್ನ ಪಾದವೇ ಮುದಿಯಾಗಿ ಎದುರಿಗೆ ನಿಂತಂತಿತ್ತು.

“ನಿಮ್ಮ ಊರು ಯಾವುದ್ರೀ?”

“ಇದೇ ಊರು. ನಮ್ಮವ್ವ ಕಲ್ಲೂರಾಕಿ. ಅಲ್ಲಿ ಒಬ್ಬರ ಹೊಲದಾಗ ಆಳಾಗಿದ್ಲು. ನಾನು ಹೊಟ್ಟ್ಯಾಗ ಇದ್ದಾಗ ಊರು ಬಿಡಿಸಿದ್ರಂತ.”

ಕಲ್ಲೂರು ನಮ್ಮ ಅಜ್ಜನ ಊರು. ಯಾರ ಹೊಲ ಎಂದು ಕೇಳಿದೆ. ಆತ ನನ್ನ ಅಜ್ಜನ ಹೆಸರು ಹೇಳಿದ. ನಾನು ಆ ಮನೆಯವಳೇ ಎಂದಾಗ ಆತನ ಮುಖ ಬಿಗಿಯಿತು.

“ನಿಮ್ಮಪ್ಪ ಅದಾನೇನು?”

“ತೀರಿಕೊಂಡ್ರು.”

ಆತ ಚೀಲ ಎತ್ತಿಕೊಂಡು ಹೊರಟ. ನಾನು ಬೆನ್ನತ್ತಿ ಹೋಗಿ ಡಾಕ್ಟರ ವಿಳಾಸ ಬರೆದ ಚೀಟಿಯನ್ನು ಕೈಗಿತ್ತೆ.

ತಿಂಗಳಾದ ಮೇಲೆ ಆತ ರಾಯಚೂರಿಗೆ ಬಂದ. ವರದಿ ಬಂದ ದಿನ ನಾನೂ ಜೊತೆಗಿದ್ದೆ: ಅದೇ ಜೀನ್, ಅದೇ ಜಾಗದ ಅದೇ ತಪ್ಪು. ಗುಣವಾಗುವ ಕಾಯಿಲೆಯಲ್ಲ. ಡಾಕ್ಟರು ಇಬ್ಬರಿಗೂ ಪಾದ ಜೋಲದಂತೆ ಪ್ಲಾಸ್ಟಿಕ್ಕಿನ ಪಟ್ಟಿ ಕೊಟ್ಟರು. ಸ್ಪರ್ಶ ಕಡಿಮೆಯಾಗುವುದರಿಂದ ಗಾಯವಾದರೂ ತಿಳಿಯುವುದಿಲ್ಲ, ದಿನಾ ಅಂಗಾಲು ನೋಡಿಕೊಳ್ಳಿ ಎಂದರು. ಹೊರಗೆ ಬಂದಾಗ ಮೊದಲ ಸಲ “ಕಾಕಾ” ಎಂದೆ. ಆತ ಓಗೊಡಲಿಲ್ಲ.

ಈಗ ಸೋಮವಾರಕ್ಕೊಮ್ಮೆ ಆತನೇ ಫೋನು ಮಾಡುತ್ತಾನೆ. “ಅಂಗಾಲು ನೋಡ್ಕೊಂಡಿಯೇನವ್ವಾ?” ಎಂದು ಕೇಳಿ, ಹ್ಞೂಂ ಎಂದ ಕೂಡಲೇ ಇಟ್ಟುಬಿಡುತ್ತಾನೆ.