ಹೊಂಡದ ಬಾಯಿ ಕಾಯುತ್ತಿದ್ದ ಆಯಿ

ಅವಳ ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಕೆಸರಿನಲ್ಲಿ ಕೈಯಾಡಿಸುವಾಗ ಚೇಳುಮೀನು ಮುಳ್ಳು ಹೊಡೆದಿತ್ತಂತೆ. ಬಾವು ಇಳಿದ ಮೇಲೂ ಬೆರಳು ನೆಟ್ಟಗೇ ನಿಂತುಬಿಟ್ಟಿತು. ಚಹಾದ ಲೋಟ ಹಿಡಿದಾಗಲೂ ಅದೊಂದು ಬೆರಳು, ಯಾರಿಗೋ ದಾರಿ ತೋರಿಸುವಂತೆ ಬೇರೆಯಾಗಿ ಚಾಚಿಕೊಂಡಿರುತ್ತಿತ್ತು.

ಊರವರೆಲ್ಲ ಅವಳನ್ನು ಹೊಂಡದ ಆಯಿ ಎನ್ನುತ್ತಿದ್ದರು. ಸಿದ್ದಿಯರ ಕೇರಿಯವಳು. ನಮ್ಮ ಹೊಲಕ್ಕೆ ನಾಟಿಗೆ, ಕಳೆ ಕೀಳುವುದಕ್ಕೆ ಬರುತ್ತಿದ್ದಳು. ಮೊಮ್ಮಕ್ಕಳೇ, ನೀವು ಹಳಿಯಾಳದಿಂದ ಬಂದಾಗ ಕಬ್ಬಿನಾಚೆ ಪಾಚಿಗಟ್ಟಿದ ನೀರು ನೋಡಿ ಮೂಗು ಮುಚ್ಚಿಕೊಳ್ಳುತ್ತೀರಲ್ಲ, ಅದೇ ಅವಳ ಹೊಂಡ. ಅದು ಹಿಂದೆ ಹೇಗಿತ್ತೆಂದು ನಿಮಗೆ ಹೇಳಬೇಕು. ಎದುರು ಕೂತು ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಚಿಗಳ್ಳಿಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ನಾನು ಮೀನನ್ನು ಹತ್ತಿರದಿಂದ ನೋಡಿದವಳೂ ಅಲ್ಲ. ನಮ್ಮದು ಲಿಂಗ ಕಟ್ಟುವ ಮನೆ. ಮೀನು ಹಿಡಿದ ದಿನ ಆಯಿ ಬುಟ್ಟಿಯನ್ನು ಬೇಲಿಯಾಚೆ ಇಟ್ಟು, ಬೂದಿ ಹಚ್ಚಿ ಕೈ ತೊಳೆದು ಹಿತ್ತಲ ಬಾಗಿಲಿಗೆ ಬಂದು ಕೂರುತ್ತಿದ್ದಳು. "ಸಣ್ಣವ್ವಾರ, ನಾತ ಬರತೈತೇನ್ರಿ?" ಎಂದು ಬೇಕೆಂದೇ ಕೈಯನ್ನು ನನ್ನ ಮುಖದ ಹತ್ತಿರ ತರುವಳು. ನಾನು ಹಿಂದೆ ಸರಿದರೆ ಮೈ ಕುಲುಕಿಸಿ ನಗುವಳು. ನನ್ನ ಕೂದಲು ನೆರೆತ ಮೇಲೂ ಅವಳಿಗೆ ನಾನು ಸಣ್ಣವ್ವಾರೇ.

ಹೊಂಡಕ್ಕೂ ಹೊಳೆಗೂ ನಡುವೆ ಒಂದು ಮಾರು ಅಗಲದ ತಗ್ಗು ಇತ್ತು. ಅದನ್ನು ಹೊಂಡದ ಬಾಯಿ ಎನ್ನುತ್ತಿದ್ದಳು. ಮುಂಗಾರಿನ ಮೊದಲಿಗೆ ಬರುವ ಮಿರಗದ ಮಳೆಗೆ ಹೊಳೆ ಏರಿದಾಗ ನೀರು ಆ ಬಾಯಿಯಿಂದ ಒಳಗೆ ಬರುತ್ತಿತ್ತು. ನೀರಿನ ಜೊತೆಗೆ ತತ್ತಿ ಹೊತ್ತ ಮೀನುಗಳು. ಹೊಳೆಯ ಸೆಳವಿನಲ್ಲಿ ತತ್ತಿ ನಿಲ್ಲುವುದಿಲ್ಲ. ಅವಕ್ಕೆ ಹೊಂಡದ ಬೆಚ್ಚನೆಯ ನೀರು, ಮುಳುಗಿದ ಹುಲ್ಲು, ಮರಿಗಳ ಬಾಯಿಗೆ ಹಿಡಿಸುವಷ್ಟು ಸಣ್ಣ ಹುಳಗಳು ಬೇಕು. ಅಲ್ಲಿ ಬೆಳೆದ ಮರಿಗಳು ದಸರೆಯ ಸುಮಾರಿಗೆ, ನೀರು ಇಳಿಯುವ ಮೊದಲು ಅದೇ ಬಾಯಿಯಿಂದ ಹೊಳೆ ಸೇರುತ್ತಿದ್ದವು. ಬರುವಾಗಲೂ ಹೋಗುವಾಗಲೂ ಆ ಬಾಯಿಗೆ ಯಾರೂ ಬಲೆ ಒಡ್ಡಬಾರದು ಎಂಬುದು ಅವಳ ಕೇರಿಯ ಕಟ್ಟಳೆ. ಆಯಿ ಅಲ್ಲೇ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದಳು. ಒಳಗೆ ಉಳಿದ ದೊಡ್ಡ ಮೀನು ಮಾತ್ರ ಅವರ ಪಾಲು.

ಒಮ್ಮೆ ಶ್ರಾವಣದಲ್ಲಿ ಹೊಲಕ್ಕೆ ಬುತ್ತಿ ತೆಗೆದುಕೊಂಡು ಹೋದಾಗ ಹೊಂಡದ ನೀರ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪಗೆ ಏನೋ ಮುದ್ದೆಯಾಗಿ ಸುತ್ತುತ್ತಿತ್ತು.

"ಕೊರವ ಮೀನಿನ ಮರಿ ರೀ ಅವು. ಅವ್ವ ಅಪ್ಪ ಇಬ್ರೂ ಕೆಳಗ ಕಾವಲ ನಿಂತಾರ. ಮರಿ ದೊಡ್ಡೂ ಆಗೂತನಕ ನಾ ಅವಕ್ಕ ಗಾಳ ಹಾಕೂದಿಲ್ಲ."

"ಹಸಿವಾದ್ರ ಏನ ಮಾಡ್ತಿ ಆಯಿ?"

"ನಿಮ್ಮ ಮನಿ ರೊಟ್ಟಿ ಐತೆಲ್ರಿ," ಎಂದು ನನ್ನ ಬುತ್ತಿಗೇ ಕೈ ಹಾಕಿದಳು.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಹೊಲವನ್ನು ನಿಮ್ಮ ಸಣ್ಣಜ್ಜ, ಅಂದರೆ ನನ್ನ ಮೈದುನ, ನೋಡಿಕೊಳ್ಳತೊಡಗಿದರು. ಅವರು ಕೆಟ್ಟವರಲ್ಲ. ಭತ್ತ ಬಿಟ್ಟು ಕಬ್ಬು ಹಚ್ಚಿದರು. ಬೇಸಿಗೆಗೆ ನೀರು ನಿಲ್ಲಲೆಂದು ಹೊಂಡದ ಬಾಯಿಗೆ ಒಡ್ಡು ಹಾಕಿಸಲು ಗೊತ್ತು ಮಾಡಿದರು. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನೀರು ಹೆಚ್ಚು ನಿಂತರೆ ಮೀನಿಗೂ ಒಳ್ಳೆಯದೇ ಅಲ್ಲವೇ ಎಂದುಕೊಂಡೆ. ಆಯಿ ಹಿತ್ತಲಿಗೆ ಬಂದಳು. ಅಂದು ಕೂರಲಿಲ್ಲ.

"ಸಣ್ಣವ್ವಾರ, ಸಾವಕಾರ್ರಿಗೆ ನೀವ ಒಂದ ಮಾತ ಹೇಳ್ರಿ. ನನ್ನ ಮಾತ ಅವರ ಕಿವಿಗೆ ಹೋಗೂದಿಲ್ಲ. ಒಡ್ಡ ಹಾಕ್ಲಿ, ಬ್ಯಾಡ ಅನ್ನೂದಿಲ್ಲ. ಮೀನ ಬರಾಕ ಹೋಗಾಕ ಒಂದೀಟ ಸಂದಿ ಬಿಡ್ರಿ ಅಂತ ಹೇಳ್ರಿ."

"ಹೇಳ್ತೇನಿ ಆಯಿ," ಎಂದೆ.

ಆ ಸಂಜೆ ಪಡಸಾಲೆಯಲ್ಲಿ ಮೈದುನ, ಜೆಸಿಬಿಯವನು ಕೂತಿದ್ದರು. ನಾನು ಚಹಾ ಇಟ್ಟು ಅಲ್ಲೇ ನಿಂತೆ. ಮೀನು ಮುಟ್ಟದ ಮನೆಯವಳು, ಗಂಡ ಸತ್ತು ವರ್ಷವೂ ತುಂಬಿಲ್ಲ, ಪರರ ಎದುರು ಮೀನಿನ ಪರವಾಗಿ ಏನೆಂದು ಮಾತಾಡಲಿ?

"ಏನರ ಹೇಳೂದಿತ್ತೇನ್ರಿ ವೈನಿ?" ಮೈದುನನೇ ಕೇಳಿದರು.

"ಸಕ್ಕರಿ ಸಾಕೇನು ಅಂತ ಕೇಳಾಕ ನಿಂತಿದ್ದೆ," ಎಂದು ಒಳಗೆ ಹೋದೆ.

ಒಡ್ಡು ಬಿತ್ತು. ಮಿರಗದ ಮಳೆಗೆ ಹೊಳೆ ಏರಿತು. ಹಳೆಯ ದಾರಿ ಹಿಡಿದು ಬಂದ ಮೀನುಗಳು ಒಡ್ಡಿನ ಬುಡದಲ್ಲಿ ಒಂದರ ಮೇಲೊಂದು ಬಿದ್ದು, ಹಾರಿ ಮಣ್ಣಿಗೆ ಬಡಿದು, ಮತ್ತೆ ಹಾರುತ್ತಿದ್ದವು. ಊರ ಗಂಡಸರು ಚೀಲಗಳಲ್ಲಿ ತುಂಬಿಕೊಳ್ಳುತ್ತಿದ್ದರು. ಅವರ ನಡುವೆ ಆಯಿಯೊಬ್ಬಳೇ ಕೊಡದಲ್ಲಿ ಮೀನು ತುಂಬಿ ಒಡ್ಡು ಹತ್ತಿ ಆಚೆಯ ಹೊಂಡಕ್ಕೆ ಸುರಿಯುತ್ತಿದ್ದಳು. ನಾನು ಹೋಗಿ ಕೊಡ ಹಿಡಿದೆ. ಮೀನು ಮುಟ್ಟಲು ಕೈ ಬರಲಿಲ್ಲ.

"ಆಯಿ, ಆ ಕಡೆ ಯಾಕ ಹೊರ್ತಿ? ಸಾರ ಮಾಡಿ ಉಣ್ಣು!" ಎಂದು ಒಬ್ಬ ಕೂಗಿದ.

"ಈ ವರ್ಷ ನೀವ ಮೀನ ತಿನ್ರೆಪಾ. ಮುಂದ ಈ ಒಡ್ಡಿನ ಮಣ್ಣ ತಿನ್ರಿ," ಎಂದಳು.

ಮಧ್ಯಾಹ್ನದ ಹೊತ್ತಿಗೆ ಅವಳು ಕೊಡ ಇಳಿಸಿ ಒಡ್ಡಿನ ಮೇಲೆ ಕೂತಳು. "ಬಾಳ ಮೀನ ಉಳಿಸಿದಿ ಆಯಿ," ಎಂದೆ.

"ಒಳಗ ಹಾಕೇನ್ರಿ. ಅವುಗಳ ಮರಿ ಹೊರಗ ಹೆಂಗ ಬರಬೇಕ್ರಿ?"

ನಾನು ಮೈದುನನಿಗೆ ಹೇಳಿದೆನೋ ಇಲ್ಲವೋ ಎಂದು ಅವಳು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆನೇನೋ.

ಮರಿಗಳು ಹೊರಗೆ ಹೋಗಲಿಲ್ಲ. ಬೇಸಿಗೆಯಲ್ಲಿ ಪಂಪು ನೀರೆಳೆದಾಗ ಕೆಸರಿನಲ್ಲಿ ಬಿದ್ದು ಸತ್ತವು. ಕಬ್ಬಿನ ಗೊಬ್ಬರ ಇಳಿದು ಹೊಂಡಕ್ಕೆ ಪಾಚಿ ಕಟ್ಟಿತು. ಕೊಕ್ಕರೆಗಳು ಬಂದು ಒಂದು ಸುತ್ತು ಹಾರಿ, ಇಳಿಯದೆ ಹೋಗುತ್ತಿದ್ದವು. ಆಯಿ ಪ್ರತಿ ಮಿರಗಕ್ಕೂ ಕೊಡ ಹೊತ್ತು ಹೋದಳು. ಒಡ್ಡಿಗೆ ಬರುವ ಮೀನು ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ಕಡೆಯ ಎರಡು ವರ್ಷ ಒಂದೂ ಬರಲಿಲ್ಲ. ಅವಳು ಮಳೆಯಲ್ಲಿ ಸಂಜೆಯವರೆಗೆ ಕಾದು ಖಾಲಿ ಕೊಡದೊಂದಿಗೆ ನಮ್ಮ ಹಿತ್ತಲ ಮುಂದೆಯೇ ಹಾದುಹೋದಳು. ಕರೆದರೆ ಏನು ಹೇಳುವುದೆಂದು ತಿಳಿಯದೆ ನಾನು ಬಾಗಿಲ ಹಿಂದೆ ನಿಂತಿದ್ದೆ.

ಕಳೆದ ಚಳಿಗಾಲದಲ್ಲಿ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಅವಳ ಮಣ್ಣಿಗೆ ನಾನೂ ಮೈದುನನೂ ಹೋದೆವು. ತಿರುಗಿ ಬರುವಾಗ ಒಡ್ಡಿನ ಹತ್ತಿರ, ಅಂದು ಅವಳು ಹೇಳಿಕಳಿಸಿದ ಮಾತನ್ನು ಅವರಿಗೆ ಹೇಳಿದೆ. ಅವರು ನಿಂತುಬಿಟ್ಟರು.

"ಇಷ್ಟ ಏನ್ರಿ ವೈನಿ? ಅವತ್ತ ಹೇಳಿದ್ರ ಎರಡು ಸಿಮೆಂಟ್ ಪೈಪ ಇಡಸ್ತಿದ್ದೆ. ಜೆಸಿಬಿ ಇಲ್ಲೇ ಇತ್ತಲ್ರಿ."

"ಈಗ ಇಡಸಾಕ ಆಗೂದಿಲ್ಲೇನು?"

"ಇಡಸ್ತೇನಿ. ಅದಕ್ಕೇನು. ಆದ್ರ ಮೀನ ತಿರುಗಿ ಬರ್ತಾವೇನ್ರಿ?"

ನನಗೆ ಗೊತ್ತಿರಲಿಲ್ಲ. ಅದನ್ನು ಹೇಳಬಲ್ಲವಳನ್ನು ಆಗಷ್ಟೇ ಮಣ್ಣು ಮಾಡಿ ಬಂದಿದ್ದೆವು.