ಕಪಾಟಿನೊಳಗಿನ ಚಪ್ಪಲಿ

ಇವತ್ತು ಬೆಳಿಗ್ಗೆ ಆಫೀಸಿನ ಟೇಬಲ್ಲಿನ ಕೆಳಗಿನ ಡ್ರಾ ಎಳೆದೆ ನೋಡಿ, ಹೊಸ ಖಣದ ಗಂಜಿವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಇನ್ನೂ ನಾಲ್ಕು ಕುಬಸದ ಖಣ ಅಲ್ಲೇ ಉಳಿದಿವೆ. ವಕೀಲಳ ಡ್ರಾದಲ್ಲಿ ಕುಬಸದ ಬಟ್ಟೆ ಯಾಕೆ ಅಂತೀರಾ? ಹೇಳುತ್ತೇನೆ.

ಗಂಡ-ಹೆಂಡಿರ ನಡುವೆ ರಾಜಿ ಮಾಡಿಸುವುದು ನನಗೆ ಕೋರ್ಟು ವಹಿಸಿದ ಕೆಲಸ. ರಾಜಿಯಾದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅಕ್ಕಿ, ಕೊಬ್ಬರಿ, ಉತ್ತತ್ತಿ, ಖಣ ಹಾಕಿ ತವರಿನವರ ಹಾಗೆ ನಾನೇ ಉಡಿ ತುಂಬುತ್ತಿದ್ದೆ. ಕಾನೂನಿನ ಯಾವ ಪುಸ್ತಕದಲ್ಲೂ ಇಲ್ಲದ ಪದ್ಧತಿ. “ಅಕ್ಕಾ ಕೈ ಹಾಕಿದ್ರ ಸಂಸಾರ ಕೂಡಿದ್ಹಂಗ” ಎಂದು ಜೊತೆಯ ವಕೀಲರು ಹೊಗಳಿದರೆ ಉಬ್ಬಿಹೋಗುತ್ತಿದ್ದೆ.

ಕಮರಿಪೇಟೆಯ ಸುನಂದಾ ಗಂಡನಿಂದ ಬಿಡುಗಡೆ ಕೇಳಿ ಬಂದಿದ್ದಳು. ಗಂಡ ಊರ ಹೊರಗಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಎಂಥ ಮೆದು ಮಾತು! ಆಕೆಯ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆಯುವನು, ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಡುವನು. ಆಕೆಯನ್ನು ಕೇಳಿದ್ದಕ್ಕೆ ಉತ್ತರವನ್ನೂ ಅವನೇ ಕೊಡುವನು. ನನಗೆ ಅದೂ ಪ್ರೀತಿಯಾಗಿಯೇ ಕಂಡಿತು. ನಮ್ಮ ಮನೆಯವರು ನಾನು ಎದುರು ಕೂತರೂ ಪೇಪರಿನಿಂದ ತಲೆ ಎತ್ತದವರು. ಇಂಥ ಗಂಡನನ್ನು ಬಿಡುತ್ತಾಳಲ್ಲ ಎಂದು ಆಕೆಯ ಮೇಲೆಯೇ ನನಗೆ ಸಿಟ್ಟು ಬಂತು.

“ಹೊಡೀತಾರೇನವಾ?” ಎಂದು ಕೇಳಿದೆ.

“ಇಲ್ರಿ ಅಕ್ಕಾರ. ಕೆಲಸಕ್ಕ ಹೋಗೂ ಮುಂದ ನನ್ನ ಚಪ್ಪಲಿ ಕಪಾಟಿನಾಗಿಟ್ಟು ಕೀಲಿ ಹಾಕ್ಕೊಂಡು ಹೋಗ್ತಾರ.”

“ಓಣ್ಯಾಗ ನಾಯಿ ಕಾಟ ಭಾಳ ಅದರಿ ಮೇಡಮ್. ಎಳಕೊಂಡು ಹೋಗ್ತಾವು,” ಎಂದ ಅವನು.

ಅವನು ನಕ್ಕ. ನಾನೂ ನಕ್ಕೆ. ಮೈಮೇಲೆ ಗಾಯವಿಲ್ಲ, ಕುಡಿತವಿಲ್ಲ. ಬರೆದುಕೊಳ್ಳಲು ಏನೂ ಇಲ್ಲವೆಂದು ಪೆನ್ನು ಮುಚ್ಚಿದೆ.

ರಾಜಿಪತ್ರ ಬರೆದು ಇಬ್ಬರ ಸಹಿ ಹಾಕಿಸಿದೆ. ಉಡಿ ತುಂಬುವಾಗ ಸೆರಗೊಡ್ಡಿ ನಿಂತ ಆಕೆ ಮೆಲ್ಲಗೆ ಕೇಳಿದಳು: “ಅವ್ವ ಉಡಿ ತುಂಬಿದ್ರ ತವರಿಗೆ ಹೊಳ್ಳಿ ಬರಬಹುದಿತ್ತು. ಅವ್ವ ಇಲ್ಲ. ನೀವು ತುಂಬೀರಿ, ನಾ ಎಲ್ಲಿಗೆ ಬರ್ಲಿರಿ?”

“ನಮ್ಮ ಮನೀಗೇ ಬಾರವಾ,” ಎಂದೆ. ಆ ಹೊತ್ತಿಗೆ ಒಪ್ಪುವ ಮಾತು, ಬಾಯಿಗೆ ಬಂತು, ಆಡಿದೆ.

ಕೆಲವು ತಿಂಗಳ ಮೇಲೆ ದುರ್ಗದಬೈಲಿನ ಪೇಟೆಯಲ್ಲಿ ಇಬ್ಬರೂ ಸಿಕ್ಕರು. ಸುಡು ಬಿಸಿಲು. ಆಕೆ ಬರಿಗಾಲಲ್ಲಿ ನಿಂತಿದ್ದಳು. ನಾನು ಪಾದ ನೋಡಿದ್ದು ಕಂಡು ಅವನೇ ಹೇಳಿದ: “ಹರಕಿ ಹೊತ್ತಾಳ್ರಿ ಮೇಡಮ್, ಒಂದು ವರ್ಷ ಚಪ್ಪಲಿ ಮೆಟ್ಟೂದಿಲ್ಲಂತ.” ಸುನಂದಾ ಮೊದಲು ಅವನ ಮುಖ ನೋಡಿದಳು, ಆಮೇಲೆ ನನ್ನತ್ತ ತಿರುಗಿ “ಹೌದ್ರಿ” ಎಂದಳು. ಚಪ್ಪಲಿಗೆ ಕೀಲಿ ಬಿದ್ದದ್ದು ನಾಯಿಗಳಿಗಾಗಿ ಅಲ್ಲವೆಂದು ಆಗ ನನಗೆ ತಿಳಿಯಿತು.

“ಒಮ್ಮೆ ಮನೀಗೆ ಬಾ ಸುನಂದಾ,” ಎಂದೆ.

“ಬರ್ತೀವ್ರಿ, ಇಬ್ಬರೂ,” ಎಂದ ಅವನು.

ಮರುದಿನವೇ ಕಮರಿಪೇಟೆಯ ಅವರ ಮನೆಗೆ ಓಡಿದೆ. ಎಂದೋ ಮನೆ ಖಾಲಿ ಮಾಡಿದ್ದರು. ಎಲ್ಲಿಗೆಂದು ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ಫೋನ್ ಮಾಡಿದರೆ ಪ್ರತಿಸಲ ಅವನೇ ಎತ್ತುತ್ತಿದ್ದ: “ಆರಾಮದಾಳ್ರಿ, ಮಲ್ಕೊಂಡಾಳ.” ಆಮೇಲೆ ಆ ನಂಬರೂ ಬಂದ್ ಆಯಿತು. ರಾಜಿಪತ್ರದಲ್ಲಿ ಆಕೆ ಸ್ವಂತ ಇಚ್ಛೆಯಿಂದ ಗಂಡನ ಮನೆಗೆ ಹೋಗಿದ್ದಾಳೆ. ಬರೆದ ಅಕ್ಷರ ನನ್ನವೇ. ಈ ಪಾಪವನ್ನು ಎಲ್ಲಿ ತೊಳೆಯಲಿ, ನೀವೇ ಹೇಳಿ.

ಡ್ರಾ ಮುಚ್ಚಿದೆ. ಹೊಸದೊಂದು ಜೋಡಿ ಬಂದು ಎದುರಿಗೆ ಕೂತಿತು. ಗಂಡನನ್ನು ಹೊರಗೆ ಕಳಿಸಿ, “ನಿನ್ನ ಚಪ್ಪಲಿ ಎಲ್ಲಿ ಇಟ್ಟಿರ್ತಾರವಾ?” ಎಂದು ಕೇಳಿದೆ. ಹುಡುಗಿ ಮಿಕಿಮಿಕಿ ನೋಡಿದಳು. ಚೀಟಿ ಕೊಟ್ಟರೆ ಅವನ ಕೈಗೆ ಸಿಕ್ಕೀತೆಂದು, ನಮ್ಮ ಮನೆಯ ಹಾದಿಯನ್ನು ಆಕೆಯ ಬಾಯಿಂದಲೇ ಎರಡು ಸಲ ಹೇಳಿಸಿದೆ.

ಸುನಂದಾಗೆ ಮನೆಗೆ ಬಾ ಎಂದಷ್ಟೇ ಹೇಳಿದ್ದೆ. ಮನೆ ಎಲ್ಲಿದೆಯೆಂದು ಹೇಳಿರಲಿಲ್ಲ.